ಒಂದು ನೇಮಕಾತಿ ಆದೇಶದ ಚರಿತ್ರೆ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೋಟಿಸ್ ಬೋರ್ಡಿಗೆ ಅಂಟಿಸುವ ಆದೇಶಗಳನ್ನು ಓದುಗರು ನಿಂತು ಓದುವುದು ಅಪರೂಪ. ಇಂಥವರನ್ನು ಸಹಾಯಕ ಗ್ರಂಥಪಾಲಕರ ಹುದ್ದೆಗೆ ನೇಮಿಸಲಾಗಿದೆ. ಇಂಥವರ ಗಳಿಕೆ ರಜೆ ಮಂಜೂರಾಗಿದೆ. ನಿಯತಕಾಲಿಕೆ ವಿಭಾಗದ ಇಂಥವರು ಸೋಮವಾರದಿಂದ ಎರವಲು ವಿಭಾಗದಲ್ಲಿ ಕೆಲಸ ಮಾಡತಕ್ಕದ್ದು. ಇಂಥವರು ವಯೋನಿವೃತ್ತಿ ಹೊಂದಿದ್ದಾರೆ. ಎರಡು ಸಾಲು, ಅದರ ಕೆಳಗೆ ಒಂದು ಸಹಿ, ಒಂದು ಪ್ರತಿ ಲೆಕ್ಕಪತ್ರ ಶಾಖೆಗೆ, ಇನ್ನೊಂದು ಸೇವಾ ಪುಸ್ತಕಕ್ಕೆ. ಪುಸ್ತಕ ಹುಡುಕಿಕೊಂಡು ಬಂದವರಿಗೂ ಈ ಕಾಗದಕ್ಕೂ ಏನು ಸಂಬಂಧ ಎನ್ನಿಸಬಹುದು. ಆದರೆ ಗ್ರಂಥಾಲಯದ ಚರಿತ್ರೆ ಬರೆಯಲು ಕೂತವರು ಶಂಕುಸ್ಥಾಪನೆಯ ಕಲ್ಲಿಗಿಂತ ಮೊದಲು ಹುಡುಕಬೇಕಾದದ್ದು ಈ ಕಾಗದಗಳನ್ನೇ. ಯಾರು ಬಂದರು, ಯಾರನ್ನು ಯಾವ ಕೆಲಸಕ್ಕೆ ಹಾಕಿದರು, ಯಾರು ಬಿಟ್ಟು ಹೋದರು ಎಂಬುದರ ಮೇಲೆಯೇ ಪುಸ್ತಕ ಓದುಗನ ಕೈಗೆ ಸಿಕ್ಕಿತೋ ಇಲ್ಲವೋ ಎಂಬುದು ನಿಂತಿರುತ್ತದೆ.

ಅಂಥ ಒಂದು ನೇಮಕಾತಿಗೆ ಈಗ ನೂರು ವರ್ಷ ದಾಟಿದೆ. 1924ರ ಜನವರಿ 4ರಂದು ಶಿಯಾಳಿ ರಾಮಾಮೃತ ರಂಗನಾಥನ್ ಮದ್ರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾಗಿ ಕೆಲಸಕ್ಕೆ ಸೇರಿದರು. ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಆರು ದಶಕಕ್ಕೂ ಮೀರಿ ಅದು ಗ್ರಂಥಪಾಲಕ ಎಂಬ ಹುದ್ದೆಯೇ ಇಲ್ಲದೆ ನಡೆದುಬಂದಿತ್ತು. ಪುಸ್ತಕಗಳು ಇದ್ದವು. ಎಗ್ಮೋರಿನ ಕನ್ನಿಮರಾ ಸಾರ್ವಜನಿಕ ಗ್ರಂಥಾಲಯದ ಕಟ್ಟಡದಲ್ಲಿ ಅವಕ್ಕೊಂದು ಜಾಗವೂ ಸಿಕ್ಕಿತ್ತು. ಅವನ್ನು ಒಂದು ಕ್ರಮಕ್ಕೆ ತಂದು, ಬಂದವರಿಗೆ ಕೊಡುವುದೇ ತನ್ನ ಕೆಲಸ ಎಂದುಕೊಂಡ ಮನುಷ್ಯ ಮಾತ್ರ ಇರಲಿಲ್ಲ.

1923ರಲ್ಲಿ ಹುದ್ದೆ ಸೃಷ್ಟಿಯಾದಾಗ ಸುಮಾರು 900 ಅರ್ಜಿಗಳು ಬಂದವು. ಅರ್ಜಿ ಹಾಕಿದವರಲ್ಲಿ ಗ್ರಂಥಾಲಯದ ಕೆಲಸದಲ್ಲಿ ತರಬೇತಿ ಪಡೆದವರು ಒಬ್ಬರೂ ಇರಲಿಲ್ಲ. ಆ ಕಾಲಕ್ಕೆ ಅದು ಸಹಜವೇ. ಬರೋಡದಲ್ಲಿ 1911ರಲ್ಲಿ ಬೋರ್ಡನ್, ಲಾಹೋರಿನಲ್ಲಿ 1915ರಲ್ಲಿ ಡಿಕಿನ್‌ಸನ್ ಎಂಬ ಇಬ್ಬರು ಅಮೆರಿಕನ್ನರು ತರಬೇತಿಯ ತರಗತಿಗಳನ್ನು ನಡೆಸಿದ್ದನ್ನು ಬಿಟ್ಟರೆ ದೇಶದಲ್ಲಿ ಈ ವಿದ್ಯೆಯನ್ನು ಕಲಿಸುವವರೇ ಇರಲಿಲ್ಲವೆನ್ನಬಹುದು. ಹುದ್ದೆಗೆ ಸಂಶೋಧನೆಯ ಹಿನ್ನೆಲೆ ಬೇಕೆಂದು ಕೇಳಿದ್ದರು. ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಮೇಷ್ಟರಾದ ರಂಗನಾಥನ್ ಗಣಿತದ ಚರಿತ್ರೆಯ ಮೇಲೆ ಕೆಲವು ಪ್ರಬಂಧಗಳನ್ನು ಬರೆದಿದ್ದರು. ಅಷ್ಟು ಸಾಕಾಯಿತು. ಸಂದರ್ಶನಕ್ಕೆ ಕರೆ ಬಂದಾಗ ತಾವು ಅರ್ಜಿ ಹಾಕಿದ್ದನ್ನೇ ಮರೆತಿದ್ದರಂತೆ. ಗ್ರಂಥಪಾಲನೆಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಸಂದರ್ಶನಕ್ಕೆ ಕೆಲವು ದಿನ ಮೊದಲು ಬ್ರಿಟಾನಿಕಾ ವಿಶ್ವಕೋಶದಲ್ಲಿ ಓದಿಕೊಂಡ ಒಂದು ಲೇಖನದಷ್ಟು ಮಾತ್ರ.

ಈ ಮೇಷ್ಟರಿಗೆ ಕನ್ನಡನಾಡಿನ ಪರಿಚಯ ಹೊಸದಲ್ಲ. 1917ರಿಂದ 1920ರವರೆಗೆ ಅವರು ಪಾಠ ಹೇಳಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಈಗ ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾನಿಲಯ ಕಾಲೇಜು ಎನ್ನಿಸಿಕೊಂಡಿರುವ ಅದೇ ಸಂಸ್ಥೆಯಲ್ಲಿ. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದವು. ಅಲ್ಲಿಯ ಹುಡುಗರು ಕಟ್ಟುತ್ತಿದ್ದ ಪರೀಕ್ಷೆ ಮದ್ರಾಸು ವಿಶ್ವವಿದ್ಯಾಲಯದ್ದು. ಹಾಗಾಗಿ ಎಗ್ಮೋರಿನಲ್ಲಿ ಆದ ಆ ನೇಮಕಾತಿ ಒಂದರ್ಥದಲ್ಲಿ ನಮ್ಮ ಕರಾವಳಿಯ ವಿದ್ಯಾರ್ಥಿಗಳ ಗ್ರಂಥಾಲಯಕ್ಕೂ ಆದ ನೇಮಕಾತಿಯೇ.

ಹೊಸ ಹುದ್ದೆಯ ಸಂಬಳ ಮೇಷ್ಟರ ಸಂಬಳಕ್ಕಿಂತ ಹೆಚ್ಚಾಗಿತ್ತು. ಆದರೂ ಒಂದು ವಾರ ಕಳೆಯುವುದರೊಳಗೆ ರಂಗನಾಥನ್ ಪ್ರೆಸಿಡೆನ್ಸಿ ಕಾಲೇಜಿನ ಪ್ರಿನ್ಸಿಪಾಲರ ಮುಂದೆ ಬಂದು ನಿಂತರು. ತರಗತಿಯ ತುಂಬ ಹುಡುಗರು, ಪ್ರಶ್ನೆಗಳು, ಕರಿಹಲಗೆ, ಚರ್ಚೆ ಇವುಗಳ ನಡುವೆ ಬದುಕಿದವರಿಗೆ ಪುಸ್ತಕದ ಸಾಲುಗಳ ನಡುವಿನ ಒಂಟಿತನವನ್ನು ಸಹಿಸಲಾಗಲಿಲ್ಲ. ನನ್ನನ್ನು ಮತ್ತೆ ಪಾಠಕ್ಕೇ ಹಾಕಿ ಎಂದು ಕೇಳಿಕೊಂಡರು. ನೇಮಕಾತಿಯ ಷರತ್ತಿನ ಪ್ರಕಾರ ಅವರು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯದ ಕೆಲಸ ಕಲಿತು ಬರಬೇಕಿತ್ತು. ಮೊದಲು ಅದನ್ನು ಮುಗಿಸಿ ಬನ್ನಿ, ಬಂದ ಮೇಲೂ ಬೇಡವೆನ್ನಿಸಿದರೆ ನಿಮ್ಮ ಜಾಗ ಇಲ್ಲೇ ಇದೆ ಎಂಬ ಭರವಸೆ ಸಿಕ್ಕಿತು. ಆ ಹಿರಿಯರು ಕೂಡಲೇ ಒಪ್ಪಿಬಿಟ್ಟಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕಣ್ಣು ತುಂಬಿಕೊಂಡು ಬಂದವರನ್ನು ಕೂರಿಸಿ ಸಮಾಧಾನ ಹೇಳಿದ ಇಂಥ ಮೇಲಧಿಕಾರಿಗಳು ಎಲ್ಲ ಸಂಸ್ಥೆಗಳಲ್ಲೂ ಇರುತ್ತಾರೆ. ಅವರ ಮಾತು ಯಾವ ಸೇವಾ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಂಡನ್ನಿಗೆ ಹೋದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1919ರಲ್ಲಿ ಶುರುವಾಗಿದ್ದ ಗ್ರಂಥಪಾಲನೆಯ ಶಾಲೆ ಬ್ರಿಟನ್ನಿನಲ್ಲೇ ಈ ಬಗೆಯ ಮೊದಲನೆಯದು. ಅಲ್ಲಿ ವರ್ಗೀಕರಣ ಕಲಿಸುತ್ತಿದ್ದ ಬರ್ವಿಕ್ ಸೇಯರ್ಸ್ ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರು. ಶಿಷ್ಯನ ಒಲವು ಯಾವ ಕಡೆ ಇದೆ ಎಂದು ಗುರುತಿಸಿದವರು ಅವರೇ. ಪುಸ್ತಕದ ಪಾಠ ಕಡಿಮೆ ಮಾಡಿ, ಗ್ರಂಥಾಲಯಗಳನ್ನು ಹೋಗಿ ನೋಡಲು ಕಳಿಸಿದರು. ರಂಗನಾಥನ್ ಸುಮಾರು ನೂರು ಗ್ರಂಥಾಲಯಗಳನ್ನು ನೋಡಿದರು. ಮಕ್ಕಳಿಗೆಂದೇ ಕೋಣೆಗಳು, ಕೆಲಸ ಮುಗಿಸಿ ಬಂದ ಕಾರ್ಮಿಕರು, ಕೈಹಾಕಿದರೆ ಸಿಗುವಂತಿದ್ದ ತೆರೆದ ಕಪಾಟುಗಳು, ಎದ್ದು ಬಂದು ಏನು ಬೇಕು ಎಂದು ಕೇಳುವ ಸಿಬ್ಬಂದಿ. ಮದ್ರಾಸಿನಲ್ಲಿ ಅವರನ್ನು ಹಿಂಡಿದ ಒಂಟಿತನ ಗ್ರಂಥಾಲಯದ ಸ್ವಭಾವವಲ್ಲ, ಓದುಗರನ್ನು ದೂರ ಇಟ್ಟದ್ದರ ಫಲ ಎಂಬುದು ಅಲ್ಲಿ ಅವರಿಗೆ ಹೊಳೆಯಿತು. ಮೇಷ್ಟರ ಕೆಲಸವನ್ನು ಬಿಡಬೇಕಾಗಿಯೇ ಇರಲಿಲ್ಲ. ತರಗತಿ ಮಾತ್ರ ದೊಡ್ಡದಾಗಿತ್ತು.

ಆಕ್ಸ್‌ಫರ್ಡ್ ಸ್ಟ್ರೀಟಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ನಡೆದದ್ದು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಕಥೆ. ಅಂಗಡಿಯವನೊಬ್ಬ ಮೆಕ್ಯಾನೊ ಎಂಬ ಆಟಿಕೆಯನ್ನು ತೋರಿಸುತ್ತಿದ್ದ. ತೂತುಗಳಿದ್ದ ಕಬ್ಬಿಣದ ಪಟ್ಟಿಗಳು, ಸರಳುಗಳು, ಚಕ್ರಗಳು, ನಟ್ಟು, ಬೋಲ್ಟು. ಅವೇ ತುಂಡುಗಳನ್ನು ಜೋಡಿಸಿ ಒಂದು ಆಟಿಕೆ ಮಾಡಿದ, ಬಿಚ್ಚಿದ, ಬೇರೆ ರೀತಿ ಜೋಡಿಸಿ ಇನ್ನೊಂದು ಮಾಡಿದ. ಡ್ಯೂಯಿಯ 1876ರ ದಶಮಾಂಶ ಪದ್ಧತಿಯಲ್ಲಿ ಪ್ರತಿ ವಿಷಯಕ್ಕೂ ಮೊದಲೇ ಕಟ್ಟಿಟ್ಟ ಒಂದೊಂದು ಗೂಡು. ಹೊಸ ವಿಷಯ ಹುಟ್ಟಿದರೆ ಗೂಡು ಸಾಲದು ಎಂಬ ಕಿರಿಕಿರಿ ರಂಗನಾಥನ್ನರಿಗೆ ಆಗಲೇ ಹತ್ತಿಕೊಂಡಿತ್ತು. ಗೂಡುಗಳ ಬದಲು ತುಂಡುಗಳನ್ನೇ ಕೊಟ್ಟು, ಜೋಡಿಸುವ ಕೆಲಸವನ್ನು ವರ್ಗೀಕರಿಸುವವರ ಕೈಗೆ ಬಿಟ್ಟರೆ? ನಟ್ಟುಬೋಲ್ಟಿನ ಜಾಗದಲ್ಲಿ ಎರಡು ಚುಕ್ಕೆ, ಅಂದರೆ ದ್ವಿಬಿಂದು ಚಿಹ್ನೆ, ಬಂತು. ಊರಿಗೆ ಮರಳುವ ಹಡಗಿನಲ್ಲೇ ಅದರ ಮೊದಲ ಪ್ರಯೋಗಗಳು ನಡೆದವು.

1925ರಲ್ಲಿ ಹಿಂತಿರುಗಿದವರು ಪ್ರಿನ್ಸಿಪಾಲರ ಬಳಿಗೆ ಹಳೆಯ ಜಾಗ ಕೇಳಲು ಹೋಗಲಿಲ್ಲ.

ಆಗಿನ ಗ್ರಂಥಾಲಯಗಳಲ್ಲಿ ಸಿಬ್ಬಂದಿ ಎಂದರೆ ಕಾವಲುಗಾರರು. ಹಾರ್ವರ್ಡಿನ ಗ್ರಂಥಪಾಲಕ ಜಾನ್ ಲ್ಯಾಂಗ್ಡನ್ ಸಿಬ್ಲಿ ಒಂದು ದಿನ ಬಹಳ ಖುಷಿಯಿಂದ ಹೊರಟಿದ್ದರಂತೆ. ಏಕೆಂದು ಕೇಳಿದವರಿಗೆ, ಎಲ್ಲ ಪುಸ್ತಕಗಳೂ ಒಳಗೆ ಬಂದಿವೆ, ಎರಡು ಮಾತ್ರ ಅಗಾಸೀ ಮೇಷ್ಟರ ಬಳಿ ಉಳಿದಿವೆ, ಅವನ್ನು ತರಲು ಹೋಗುತ್ತಿದ್ದೇನೆ ಎಂದರಂತೆ. ಈ ಕಥೆ ಗ್ರಂಥಪಾಲಕರ ನಡುವೆ ಇಂದಿಗೂ ಓಡಾಡುತ್ತಿದೆ. ಆದರೆ ಸಿಬ್ಲಿಯಂಥವರನ್ನು ದೂರುವಂತಿಲ್ಲ. ನಮ್ಮಲ್ಲಂತೂ ಕಳೆದುಹೋದ ಪುಸ್ತಕದ ಬೆಲೆಯನ್ನು ಗ್ರಂಥಪಾಲಕನ ಸಂಬಳದಿಂದ ಮುರಿದುಕೊಳ್ಳುವ ಪದ್ಧತಿ ಬಹಳ ಕಡೆ ಇತ್ತು. ಹೊಟ್ಟೆಪಾಡಿಗೆ ಕುತ್ತು ಬರುವಂತಿದ್ದರೆ ಯಾರು ತಾನೇ ಬೀರುವಿನ ಬೀಗ ತೆಗೆದಾರು? ಕೇಳಿದ ಪುಸ್ತಕ ‘ಇಲ್ಲ’ ಎನ್ನುವುದು ಸೋಮಾರಿತನದಿಂದ ಬಂದ ಮಾತಲ್ಲ, ಭಯದಿಂದ ಬಂದದ್ದು.

ಮುಕ್ತ ಪ್ರವೇಶ ಎಂಬುದನ್ನು ರಂಗನಾಥನ್ ಮದ್ರಾಸಿನಲ್ಲಿ ಜಾರಿಗೆ ತಂದಾಗ ಬದಲಾದದ್ದು ಬೀಗ ಒಂದೇ ಅಲ್ಲ, ಬೀಗದ ಪಕ್ಕದಲ್ಲಿ ಕೂತಿದ್ದವರ ಕೆಲಸವೇ ಬದಲಾಯಿತು. ಓದುಗನೇ ಕಪಾಟಿಗೆ ಹೋಗಿ ಪುಸ್ತಕ ಆರಿಸುತ್ತಾನೆ ಎಂದಮೇಲೆ, ತಂದುಕೊಡುವುದರಲ್ಲಿ ಕಳೆಯುತ್ತಿದ್ದ ಹೊತ್ತು ಉಳಿಯುತ್ತದೆ. ಅದರ ಬದಲು ಬೇರೆ ಕೆಲಸ ಹುಟ್ಟುತ್ತದೆ: ಓದುಗರು ಎಳೆದು ಎಲ್ಲೆಲ್ಲೋ ಸಿಕ್ಕಿಸಿದ ಪುಸ್ತಕಗಳನ್ನು ಬಾಗಿಲು ತೆರೆಯುವ ಮೊದಲು ಒಂದೊಂದಾಗಿ ನೋಡಿ, ಬೆನ್ನಿನ ಸಂಖ್ಯೆ ಓದಿ, ಅದರ ಮನೆಗೆ ಅದನ್ನು ಸೇರಿಸುವುದು. ತಪ್ಪು ಜಾಗದಲ್ಲಿ ಇಟ್ಟ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ ಎಂದು ಈ ಕೆಲಸ ಮಾಡುವ ಅಟೆಂಡರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಈ ಕೆಲಸ ಮಾಡಿದವರು ಸಂಖ್ಯೆ ಓದುವುದೂ ಇಲ್ಲ. ಬೆನ್ನಿನ ಬಣ್ಣವೂ ಎತ್ತರವೂ ಅವರಿಗೆ ಗುರುತು. ಅವರ ನಿವೃತ್ತಿಯ ಆದೇಶದಲ್ಲಿ ಈ ಸಂಗತಿ ಬರುವುದಿಲ್ಲ. ಅವರು ಹೋದ ಮೂರನೆಯ ದಿನದಿಂದ ಅದು ಎಲ್ಲರಿಗೂ ಗೊತ್ತಾಗುತ್ತದೆ.

ಎರವಲು ಕೊಡುವ ಮೇಜನ್ನೂ ಒಮ್ಮೆ ನೆನೆಯಬೇಕು. ಹಿಂದೆ ದಪ್ಪ ರಿಜಿಸ್ಟರಿನಲ್ಲಿ ಹೆಸರು, ಪುಸ್ತಕದ ಹೆಸರು, ತಾರೀಖು, ಸಹಿ ಎಲ್ಲ ಬರೆಯಬೇಕಿತ್ತು. ಸಾಲಿನಲ್ಲಿ ಹತ್ತನೆಯವನಾಗಿ ನಿಂತವನಿಗೆ ಗಂಟೆ ಬಾರಿಸಿ ತರಗತಿ ಶುರುವಾಗಿರುತ್ತಿತ್ತು. ಆಮೇಲೆ ಬಂದ ಟಿಕೇಟು ಪದ್ಧತಿಯನ್ನು ಕಂಪ್ಯೂಟರ್ ಕಾಲಕ್ಕೆ ಮುಂಚೆ ಕಾಲೇಜು ಓದಿದವರೆಲ್ಲ ಬಲ್ಲರು. ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ ಒಂದು ಕಿರಿದಾದ ಕಿಸೆ, ಕಿಸೆಯಲ್ಲಿ ಪುಸ್ತಕದ ಚೀಟಿ. ವಿದ್ಯಾರ್ಥಿಯ ಕೈಯಲ್ಲಿ ಅವನ ಹೆಸರಿನ ಟಿಕೇಟು. ಅದೂ ಒಂದು ಪುಟ್ಟ ಚೀಲದಂತೆ ಬಾಯಿ ತೆರೆದಿರುತ್ತದೆ. ಕೌಂಟರಿನವರು ಚೀಟಿಯನ್ನು ಎಳೆದು ಟಿಕೇಟಿನೊಳಗೆ ತೂರಿಸುತ್ತಾರೆ, ಮುಂದಿನ ಹಾಳೆಯ ಮೇಲೆ ತಾರೀಖಿನ ಮೊಹರು ಠಪ್ಪೆಂದು ಬೀಳುತ್ತದೆ, ಪುಸ್ತಕ ಕೈಗೆ ಬರುತ್ತದೆ. ಬರವಣಿಗೆಯೇ ಇಲ್ಲ. ಸಂಜೆ ಆ ಜೋಡಿಗಳನ್ನು ಮರದ ಟ್ರೇಯಲ್ಲಿ ತಾರೀಖಿನ ಹಿಂದೆ ಜೋಡಿಸಿಟ್ಟರೆ ಅಂದಿನ ಲೆಕ್ಕ ಮುಗಿಯಿತು. ಓದುಗನ ಸಮಯ ಉಳಿಸಿ ಎಂಬುದು ರಂಗನಾಥನ್ನರ ನಾಲ್ಕನೆಯ ಸೂತ್ರ. ಸಿಬ್ಬಂದಿಯ ಸಮಯ ಉಳಿಯದೆ ಓದುಗನ ಸಮಯ ಉಳಿಯುವುದಿಲ್ಲ ಎಂಬುದನ್ನು ಅವರು ಅಷ್ಟೇ ಗಟ್ಟಿಯಾಗಿ ಹಿಡಿದಿದ್ದರು.

ಆ ಸೂತ್ರಗಳು ಐದು. 1928ರಲ್ಲಿ ಅವರು ತಮ್ಮ ಅನುಭವವನ್ನೆಲ್ಲ ಕೆಲವೇ ನಿಯಮಗಳಿಗೆ ಇಳಿಸಲು ಒದ್ದಾಡುತ್ತಿದ್ದಾಗ, ಮದ್ರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಅವರಿಗೆ ಗಣಿತ ಕಲಿಸಿದ್ದ ಎಡ್ವರ್ಡ್ ರಾಸ್ ಸಂಜೆ ಗ್ರಂಥಾಲಯಕ್ಕೆ ಬಂದರು. ಶಿಷ್ಯನ ತಳಮಳ ಕೇಳಿ, ಪುಸ್ತಕಗಳು ಇರುವುದು ಬಳಸಲಿಕ್ಕೆ, ಅದೇ ನಿನ್ನ ಮೊದಲ ಸೂತ್ರವಲ್ಲವೇ ಎಂಬರ್ಥದ ಒಂದು ಮಾತು ಹೇಳಿ ಹೋದರು. ಉಳಿದ ನಾಲ್ಕು ತಾವಾಗಿ ಬಂದವು. 1931ರಲ್ಲಿ ಈ ಸೂತ್ರಗಳ ಪುಸ್ತಕವನ್ನು ಹೊರತಂದದ್ದು ಮದ್ರಾಸು ಗ್ರಂಥಾಲಯ ಸಂಘ. ಸೇಯರ್ಸ್ ಅದಕ್ಕೆ ಪ್ರಸ್ತಾವನೆ ಬರೆದರು.

ಐದು ಸೂತ್ರಗಳನ್ನು ಬಾಯಿಪಾಠ ಮಾಡುವವರು ಬಹಳ. ಪುಸ್ತಕ ಓದಿದವರು ಕಡಿಮೆ. ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಮೊದಲ ಸೂತ್ರದ ಅಧ್ಯಾಯದಲ್ಲಿ ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು ಎಂಬುದನ್ನು ಹೇಳಿ, ಅಲ್ಲಿಂದ ಅವರು ಸಿಬ್ಬಂದಿಯ ವಿಷಯಕ್ಕೆ ಬಂದು ಅಲ್ಲೇ ದೀರ್ಘವಾಗಿ ನಿಲ್ಲುತ್ತಾರೆ. ಅವರ ವಿದ್ಯೆ, ತರಬೇತಿ, ಸಂಬಳ, ಸ್ಥಾನಮಾನ, ಓದುಗನೊಡನೆ ನಡೆದುಕೊಳ್ಳುವ ರೀತಿ. ಗುಮಾಸ್ತನ ಸಂಬಳ ಕೊಟ್ಟು ವಿದ್ವಾಂಸನ ಕೆಲಸ ನಿರೀಕ್ಷಿಸಲಾಗದು ಎಂಬುದು ಅವರ ವಾದದ ತಿರುಳು. ಪುಸ್ತಕ, ಓದುಗ, ಸಿಬ್ಬಂದಿ ಈ ಮೂರು ಸೇರಿದರೇ ಗ್ರಂಥಾಲಯ ಎಂದು ಅವರು ಮತ್ತೆ ಮತ್ತೆ ಹೇಳಿದರು. ಪುಸ್ತಕಕ್ಕೆ ಅನುದಾನ ಕೇಳಿದವರು ಅವರಿಗೆ ಮೊದಲೂ ಇದ್ದರು. ಸಿಬ್ಬಂದಿಯನ್ನು ಈ ಮೂವರಲ್ಲಿ ಸಮಾನರಾಗಿ ಕೂರಿಸಿದ್ದು ಅವರ ಹೆಚ್ಚುಗಾರಿಕೆ. ಈ ಲೇಖನಕ್ಕೆ ಕಾರಣವೂ ಅದೇ.

ಹೇಳಿ ಸುಮ್ಮನಾಗಲಿಲ್ಲ. 1928ರ ಜನವರಿಯಲ್ಲಿ ಮದ್ರಾಸು ಗ್ರಂಥಾಲಯ ಸಂಘ ಹುಟ್ಟಿತು. ಮರುವರ್ಷವೇ ಸಂಘದ ಆಶ್ರಯದಲ್ಲಿ ಬೇಸಿಗೆಯ ತರಬೇತಿ ಶಾಲೆ ಶುರುವಾಯಿತು. 1931ರಲ್ಲಿ ವಿಶ್ವವಿದ್ಯಾಲಯ ಅದನ್ನು ತನ್ನದಾಗಿಸಿಕೊಂಡಿತು. 1937ರ ಹೊತ್ತಿಗೆ ಅದು ಒಂದು ವರ್ಷದ ಡಿಪ್ಲೊಮಾ ಆಯಿತು. ತರಬೇತಿ ಪಡೆದ ಒಬ್ಬರೂ ಸಿಗದೆ ಗಣಿತದ ಮೇಷ್ಟರನ್ನು ಆರಿಸಿಕೊಂಡಿದ್ದ ಅದೇ ವಿಶ್ವವಿದ್ಯಾಲಯ ಈಗ ಬೇರೆಯವರಿಗೆ ಗ್ರಂಥಪಾಲಕರನ್ನು ತಯಾರು ಮಾಡಿ ಕಳಿಸತೊಡಗಿತು.

ಇದೇ ವರ್ಷಗಳಲ್ಲಿ ಒಳಗೆ ಇನ್ನೊಂದು ಕೆಲಸ ನಡೆಯುತ್ತಿತ್ತು. ದ್ವಿಬಿಂದು ವರ್ಗೀಕರಣ 1933ರಲ್ಲಿ ಅಚ್ಚಾಯಿತು, ಸೂಚೀಕರಣದ ಸಂಹಿತೆ 1934ರಲ್ಲಿ. ಇವು ಒಬ್ಬರ ತಲೆಯಿಂದ ಹೊರಟವು, ನಿಜ. ಆದರೆ ಸಾವಿರಾರು ಪುಸ್ತಕಗಳ ಮೇಲೆ ಪ್ರಯೋಗಿಸಿ ನೋಡದೆ ಇಂಥ ಪದ್ಧತಿ ನಿಲ್ಲುವುದಿಲ್ಲ, ಪ್ರಯೋಗಿಸುವ ಕೈಗಳು ಸಿಬ್ಬಂದಿಯವು. ಒಂದು ಪುಸ್ತಕ ಮೇಜಿಗೆ ಬಂದರೆ ಏನಾಗುತ್ತದೆ ನೋಡೋಣ. ಸಾಹಿತ್ಯವಾದರೆ ಮೊದಲಿಗೆ ಇಂಗ್ಲಿಷಿನ ‘ಓ’ ಅಕ್ಷರ, ಆಮೇಲೆ ಭಾಷೆಯ ಅಂಕಿ, ಆಮೇಲೆ ಕಾವ್ಯಕ್ಕೆ 1, ನಾಟಕಕ್ಕೆ 2, ಕಾದಂಬರಿಗೆ 3. ನಡುವೆ ಎರಡು ಚುಕ್ಕೆ. ಇಷ್ಟನ್ನು ಪುಸ್ತಕದ ಬೆನ್ನಿಗೆ ಬರೆದು, ಪರಿಗ್ರಹಣ ರಿಜಿಸ್ಟರಿಗೆ ಏರಿಸಿ, ಅಂಗೈಯಗಲದ ಗಟ್ಟಿ ಕಾರ್ಡು ತೆಗೆದುಕೊಳ್ಳಬೇಕು. ಮೂರು ಇಂಚು ಎತ್ತರ, ಐದು ಇಂಚು ಅಗಲ. ಕೆಳಗಡೆ ನಡುವಿನಲ್ಲಿ ಒಂದು ತೂತು, ಡ್ರಾಯರಿನ ಕಂಬಿ ಅದರೊಳಗಿಂದ ಹಾಯುತ್ತದೆ, ಯಾರೂ ಕಾರ್ಡನ್ನು ಕಿತ್ತುಕೊಂಡು ಹೋಗದಂತೆ. ಮುಖ್ಯ ನಮೂದಿಗೆ ಒಂದು ಕಾರ್ಡು. ಪುಸ್ತಕದೊಳಗೆ ಬೇರೆ ವಿಷಯ ಬಂದಿದ್ದರೆ ಅದಕ್ಕೊಂದು. ಲೇಖಕನ ಹೆಸರಿನಲ್ಲಿ, ಶೀರ್ಷಿಕೆಯಲ್ಲಿ, ವಿಷಯದ ಹೆಸರಿನಲ್ಲಿ ಹುಡುಕಿ ಬರುವವರಿಗಾಗಿ ಇನ್ನಷ್ಟು. ಎಲ್ಲವೂ ಬಿಡಿ ಅಕ್ಷರದಲ್ಲಿ, ಯಾರು ಬರೆದರೂ ಒಂದೇ ಕೈಯೆನ್ನಿಸುವಂತೆ. ಒಂದು ಕಾರ್ಡು ತಪ್ಪು ಜಾಗದಲ್ಲಿ ಕೂತರೆ ಪುಸ್ತಕ ಇದ್ದೂ ಇಲ್ಲದಂತೆ.

ಈ ದುಡಿಮೆಗೆ ಸಲ್ಲಬೇಕಾದ ಗೌರವ ಯಾವ ರೂಪದಲ್ಲಿ ಸಂದಿತು ಎಂಬುದನ್ನು ಗಮನಿಸಬೇಕು. 1935ರ ‘ಗ್ರಂಥಾಲಯ ಆಡಳಿತ’ ಎಂಬ ಅವರ ದೊಡ್ಡ ಪುಸ್ತಕ ಹೊಸ ಪುಸ್ತಕದ ಆಯ್ಕೆಯಿಂದ ಹಿಡಿದು ಹಳೆಯದರ ರಟ್ಟು ಕಟ್ಟುವವರೆಗೆ ಪ್ರತಿಯೊಂದು ಕೆಲಸವನ್ನೂ ಬಿಡಿಸಿ ಬಿಡಿಸಿ ಹೇಳುತ್ತದೆ. ಯಾವ ಕೆಲಸವೂ ಬರೆಯಲು ಅನರ್ಹವಾದಷ್ಟು ಸಣ್ಣದೆಂದು ಅವರಿಗೆ ಅನ್ನಿಸಲಿಲ್ಲ. ಪರಾಮರ್ಶನ ಸೇವೆಯ ಬಗ್ಗೆ 1940ರಲ್ಲಿ ಬಂದ ಸಂಪುಟದ ಮೇಲೆ ರಂಗನಾಥನ್ನರ ಹೆಸರಿನ ಜೊತೆ ಸಿ. ಸುಂದರಂ ಎಂಬ ಹೆಸರಿದೆ. ಮರುವರ್ಷ ಬಂದ ಎರಡನೆಯ ಸಂಪುಟದ ಮೇಲೆ ಕೆ.ಎಂ. ಶಿವರಾಮನ್ ಎಂಬ ಹೆಸರು. ಇಬ್ಬರೂ ಅದೇ ಗ್ರಂಥಾಲಯದ ಸಹೋದ್ಯೋಗಿಗಳು. ಹುದ್ದೆಯಲ್ಲಿ ಕಿರಿಯರಾದವರ ಹೆಸರನ್ನು ಮುಖಪುಟಕ್ಕೆ ತರುವುದು ಇವತ್ತಿಗೂ ಎಲ್ಲ ಕಡೆ ನಡೆಯುವ ರೂಢಿಯಲ್ಲ.

1936ರಲ್ಲಿ ಗ್ರಂಥಾಲಯಕ್ಕೆ ಚೆಪಾಕಿನಲ್ಲಿ, ಮರೀನಾ ಕಡಲ ತೀರಕ್ಕೆ ಮುಖ ಮಾಡಿದ ಸ್ವಂತ ಕಟ್ಟಡ ಸಿಕ್ಕಿತು. ಅದರ ಕಮಾನುಗಳನ್ನೂ ಗೋಪುರವನ್ನೂ ವಾಸ್ತುವಿನ ಪುಸ್ತಕಗಳು ವರ್ಣಿಸಿವೆ, ಇಲ್ಲಿ ಬೇಡ.

ರಜೆಯ ವಿಷಯಕ್ಕೆ ಬಂದರೆ, ರಂಗನಾಥನ್ನರ ಸೇವಾ ಪುಸ್ತಕದ ಆ ಪುಟ ಬಹುಪಾಲು ಖಾಲಿಯೇ ಇದ್ದಿರಬೇಕು. ಎರಡು ದಶಕ ಅವರು ರಜೆ ಹಾಕಲಿಲ್ಲ, ವಾರದ ಏಳೂ ದಿನ ದುಡಿದರು ಎನ್ನುತ್ತಾರೆ. ಮೊದಲ ಪತ್ನಿ ರುಕ್ಮಿಣಿ 1928ರಲ್ಲಿ ತೀರಿಕೊಂಡರು. 1929ರಲ್ಲಿ ಶಾರದಾ ಅವರನ್ನು ಮದುವೆಯಾದ ದಿನ ಮಧ್ಯಾಹ್ನವೇ ಗ್ರಂಥಾಲಯಕ್ಕೆ ಮರಳಿದರಂತೆ. ಇದನ್ನು ಸಾಧನೆಯೆಂದು ಕೊಂಡಾಡುವುದು ವಾಡಿಕೆ. ಆ ಏಕಾಗ್ರತೆ ದೊಡ್ಡದೇ. ಆದರೆ ಮುಖ್ಯಸ್ಥರು ಮನೆಗೆ ಹೋಗದಿದ್ದರೆ ಕೈಕೆಳಗಿನವರು ಎದ್ದು ಹೋಗಲು ಹಿಂಜರಿಯುತ್ತಾರೆ, ಮತ್ತು ಮನೆಯಲ್ಲಿ ಕಾಯುವವರ ಪಾಲಿನ ಗಂಟೆಗಳೂ ಅದರಲ್ಲಿ ಸೇರಿರುತ್ತವೆ. ಸಿಬ್ಬಂದಿಯ ದಣಿವಿನ ಬಗ್ಗೆ ಅಷ್ಟು ಬರೆದವರು ತಮ್ಮ ದಣಿವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದನ್ನೂ ಈ ಚರಿತ್ರೆಯಲ್ಲಿ ಬರೆದಿಡುವುದು ನ್ಯಾಯ.

1945ರಲ್ಲಿ, ಐವತ್ತಮೂರರ ಹೊಸ್ತಿಲಲ್ಲಿ, ಅವರು ಮದ್ರಾಸನ್ನು ಬಿಟ್ಟರು. ಕುಲಪತಿಗಳಾಗಿದ್ದ ರಾಧಾಕೃಷ್ಣನ್ ಅವರ ಕರೆಯ ಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ, ಎರಡು ವರ್ಷದಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಬಹುಮಟ್ಟಿಗೆ ಒಬ್ಬರೇ ಕೂತು ವರ್ಗೀಕರಿಸಿದರು. 1947ರಲ್ಲಿ ಮಾರಿಸ್ ಗ್ವಾಯರ್ ಕುಲಪತಿಯಾಗಿದ್ದ ದೆಹಲಿ ವಿಶ್ವವಿದ್ಯಾಲಯಕ್ಕೆ ಹೋದರು. ಮದ್ರಾಸು ಮನಸ್ಸಿನಿಂದ ದೂರವಾಗಲಿಲ್ಲ. 1956ರಲ್ಲಿ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಅದೇ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠವೊಂದನ್ನು ಸ್ಥಾಪಿಸಲು ಕೇಳಿಕೊಂಡರು. ಪೀಠಕ್ಕೆ ಇಟ್ಟ ಹೆಸರು ಶಾರದಾ ರಂಗನಾಥನ್. ಮದುವೆಯ ದಿನ ಕಳೆದುಕೊಂಡ ಮಧ್ಯಾಹ್ನಕ್ಕೆ ಯಾವುದೂ ಸಮವಾಗದು. ಆದರೂ ಆ ಹೆಸರನ್ನು ಅಲ್ಲಿ ಓದಿದಾಗ ಮನಸ್ಸು ಆರ್ದ್ರವಾಗುತ್ತದೆ.

ಮರುವರ್ಷ, 1957ರಲ್ಲಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತನ್ನ ಗ್ರಂಥಾಲಯ ಸಮಿತಿಗೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಅರ್ಹತೆ ಪಡೆದ ಗ್ರಂಥಾಲಯ ಸಿಬ್ಬಂದಿಗೆ ಅಧ್ಯಾಪಕರಿಗೆ ಸಮನಾದ ವೇತನವನ್ನೂ ಸ್ಥಾನವನ್ನೂ ಕೊಡಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಇಂದು ಕರ್ನಾಟಕದ ಯಾವುದೋ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕರು ಯುಜಿಸಿ ವೇತನ ಶ್ರೇಣಿಯಲ್ಲಿ ಸಂಬಳ ಪಡೆಯುತ್ತಿದ್ದರೆ, ಅದರ ಬೇರು ಆ ವರದಿಯಲ್ಲೂ 1931ರ ಪುಸ್ತಕದ ಆ ಅಧ್ಯಾಯದಲ್ಲೂ ಇದೆ.

ಎಷ್ಟು ಜನ ಬೇಕು ಎಂಬ ಪ್ರಶ್ನೆಗೂ ಅವರು ಗಣಿತದ ಮೇಷ್ಟರಾಗಿಯೇ ಉತ್ತರ ಕೊಟ್ಟರು. ವರ್ಷಕ್ಕೆ ಹೊಸದಾಗಿ ಸೇರುವ ಪ್ರತಿ 6,000 ಸಂಪುಟಗಳಿಗೆ ಪುಸ್ತಕ ವಿಭಾಗದಲ್ಲಿ ಒಬ್ಬರು. ತರಿಸುವ ಪ್ರತಿ 500 ನಿಯತಕಾಲಿಕೆಗಳಿಗೆ ಒಬ್ಬರು. ಎರವಲಿನ ಬಾಗಿಲು ವರ್ಷದಲ್ಲಿ ತೆರೆದಿರುವ ಪ್ರತಿ 1,500 ಗಂಟೆಗೆ ಒಬ್ಬರು. ದಿನಕ್ಕೆ ಬರುವ ಪ್ರತಿ 50 ಓದುಗರಿಗೆ ಪರಾಮರ್ಶನ ಸೇವೆಯಲ್ಲಿ ಒಬ್ಬರು. ಸಿಬ್ಬಂದಿ ಸೂತ್ರ ಎಂದು ಹೆಸರಾದ ಈ ಲೆಕ್ಕವನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಈಗಲೂ ಪರೀಕ್ಷೆಗೆ ಬರೆಯುತ್ತಾರೆ. ಪರೀಕ್ಷೆ ಮುಗಿಸಿ ಕೆಲಸಕ್ಕೆ ಸೇರಿದವರು ಕಾಣುವುದು ಬೇರೆ. ನಿವೃತ್ತಿಯ ಆದೇಶದ ಹಿಂದೆಯೇ ಬರಬೇಕಾದ ನೇಮಕಾತಿಯ ಆದೇಶ ವರ್ಷಗಟ್ಟಲೆ ಬರುವುದಿಲ್ಲ. ಮೂವರ ಮೇಜನ್ನು ಒಬ್ಬರು ನೋಡಿಕೊಳ್ಳುತ್ತಾರೆ. ಲೆಕ್ಕ ಹಳೆಯದಾಯಿತು, ಈಗೆಲ್ಲ ಕಂಪ್ಯೂಟರಿನಲ್ಲೇ ಸಿಗುತ್ತದೆ ಎನ್ನುವವರಿದ್ದಾರೆ. ದಿನಕ್ಕೆ 50 ಜನ ಬಂದು 50 ಬಗೆಯ ಪ್ರಶ್ನೆ ಕೇಳಿದರೆ ಉತ್ತರಿಸಲು ಒಬ್ಬ ಮನುಷ್ಯ ಬೇಕು ಎಂಬ ಭಾಗ ಹೇಗೆ ಹಳೆಯದಾದೀತು?

ಮಂಗಳೂರಿನಿಂದ ಕರ್ನಾಟಕದೊಡನೆ ಶುರುವಾದ ನಂಟು ಬೆಂಗಳೂರಿನಲ್ಲಿ ಗಟ್ಟಿಯಾಯಿತು. ನಿವೃತ್ತಿಯ ವಯಸ್ಸು ದಾಟಿದ ಮೇಲೆ ರಂಗನಾಥನ್ ಇಲ್ಲಿ ನೆಲೆಸಿದರು. 1962ರಲ್ಲಿ, ಮಹಲನೊಬಿಸ್ ಅವರ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ, ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. ಗ್ರಂಥಾಲಯದವರ ಬಾಯಲ್ಲಿ ಅದು ಡಿ.ಆರ್.ಟಿ.ಸಿ. ಎಪ್ಪತ್ತು ವರ್ಷದ ಗುರು, ಎ. ನೀಲಮೇಘನ್‌ರಂಥ ಸಹೋದ್ಯೋಗಿಗಳು, ಕೈಬೆರಳಿನಲ್ಲಿ ಎಣಿಸುವಷ್ಟು ವಿದ್ಯಾರ್ಥಿಗಳು. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರೆಂದು ನೇಮಿಸಿತು. ಸಂದರ್ಶನಕ್ಕೆ ಮುಂಚೆ ವಿಶ್ವಕೋಶದ ಒಂದು ಲೇಖನ ಓದಿಕೊಂಡು ಹೋಗಿದ್ದವರಿಗೆ ನಲವತ್ತೊಂದು ವರ್ಷದ ಮೇಲೆ ಬಂದ ಈ ಆದೇಶದಲ್ಲಿ ನಮೂದಾದ ವಿಷಯ ಗ್ರಂಥಾಲಯ ವಿಜ್ಞಾನ. ಅವರ ಹುಟ್ಟುಹಬ್ಬವೆಂದು ಆಚರಿಸುವ ಆಗಸ್ಟ್ 12 ಈಗ ಗ್ರಂಥಪಾಲಕರ ದಿನ. ಅಂದು ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿ ಅವರ ಭಾವಚಿತ್ರಕ್ಕೆ ಹೂ ಏರಿಸುವವರು ಹೆಚ್ಚಾಗಿ ಅಟೆಂಡರುಗಳೇ. ಬೆಳಗ್ಗೆ ಮೊದಲು ಬಂದು ಬಾಗಿಲು ತೆರೆಯುವವರು ಅವರಲ್ಲವೇ.

1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲಿ ನಿಧನರಾದರು. ದ್ವಿಬಿಂದು ವರ್ಗೀಕರಣದ ಏಳನೆಯ ಆವೃತ್ತಿ ಆಗ ಅವರ ಮೇಜಿನ ಮೇಲೆ ಅರ್ಧವಾಗಿತ್ತು. ಜೊತೆಯಲ್ಲಿ ದುಡಿದವರು ಅದನ್ನು ಕೈಬಿಡಲಿಲ್ಲ. ಡಿ.ಆರ್.ಟಿ.ಸಿ.ಯ ಎಂ.ಎ. ಗೋಪಿನಾಥ್ ಅದನ್ನು ಪರಿಷ್ಕರಿಸಿ, ಸಂಪಾದಿಸಿ, ಹದಿನೈದು ವರ್ಷದ ಮೇಲೆ, 1987ರಲ್ಲಿ ಅಚ್ಚಿಗೆ ಕಳಿಸಿದರು.